1793ರ ಅಮೆರಿಕನ್ ಸೆಂಟು: ಒಂದೇ ವರ್ಷ, ಮೂರು ವಿನ್ಯಾಸ, ಮಾಡಿದ್ದು ಯಾರು?

ಅಮೆರಿಕದ ಹಳೇ ತಾಮ್ರದ ಕಾಯಿನ್ ಸಂಗ್ರಹ ಮಾಡೋರಿಗೆ 1793ರಷ್ಟು ತಲೆ ಕೆಡಿಸೋ ವರ್ಷ ಇನ್ನೊಂದಿಲ್ಲ. ಆ ಒಂದೇ ವರ್ಷದಲ್ಲಿ ಫಿಲಡೆಲ್ಫಿಯಾದ ಹೊಸ ಟಂಕಸಾಲೆ ಒಂದು ಸೆಂಟಿನ ನಾಣ್ಯಕ್ಕೆ ಮೂರು ಬೇರೆ ಬೇರೆ ವಿನ್ಯಾಸ ತಂತು. ಮಾರ್ಚಲ್ಲಿ ಸರಪಳಿ, ಏಪ್ರಿಲ್ಲಿಂದ ಜುಲೈ ತನಕ ಎಲೆಗಳ ಹಾರ, ಸೆಪ್ಟೆಂಬರಲ್ಲಿ ಟೋಪಿ. ಸಂಗ್ರಹಕಾರರ ಭಾಷೇಲಿ ಚೈನ್ ಸೆಂಟ್, ವ್ರೆತ್ ಸೆಂಟ್, ಲಿಬರ್ಟಿ ಕ್ಯಾಪ್. ಮೂರರಲ್ಲಿ ಒಂದರ ಮೇಲೂ ಕೆತ್ತಿದವನ ಹೆಸರಿಲ್ಲ, ಸಹಿ ಇಲ್ಲ. ಆದ್ರೂ ಕ್ಯಾಟಲಾಗ್ ತೆಗೆದ್ರೆ ಮೂರರ ಪಕ್ಕನೂ ಒಂದೊಂದು ಹೆಸರು ಇರತ್ತೆ: ಹೆನ್ರಿ ವಾಯ್ಟ್, ಆಡಮ್ ಎಕ್‌ಫೆಲ್ಟ್, ಜೋಸೆಫ್ ರೈಟ್. ಆ ಹೆಸರುಗಳು ಎಲ್ಲಿಂದ ಬಂದ್ವು, ಎಷ್ಟು ನಂಬಬಹುದು, ಮತ್ತೆ ವಿನ್ಯಾಸ ಯಾಕೆ ಇಷ್ಟು ಬೇಗ ಬೇಗ ಬದಲಾಯ್ತು ಅನ್ನೋದನ್ನ ಒಂದು ಕೇಸ್ ಥರ ಬಿಡಿಸಿ ನೋಡೋಣ ಅಂತ ಇದನ್ನ ಬರೀತಿದೀನಿ. ಎಲ್ಲಾ ಕಡೆ ಸಿಗೋ ಕಥೆ ಒಂದೇ ಸಾಲಿಂದು, ಮೊದಲನೇ ವಿನ್ಯಾಸನ ಪೇಪರಲ್ಲಿ ಬೈದ್ರು, ಅದಕ್ಕೆ ಬದಲಾಯಿಸಿದ್ರು ಅಂತ. ನನ್ನ ಪ್ರಕಾರ ಅದು ಅರ್ಧ ಸತ್ಯ, ಉಳಿದ ಅರ್ಧ ನಾಣ್ಯದಲ್ಲೇ ಇದೆ.

ಮೊದಲು ಹಿನ್ನೆಲೆ. 1792ರ ಏಪ್ರಿಲ್ 2ಕ್ಕೆ ಕಾಯಿನೇಜ್ ಆಕ್ಟ್ ಪಾಸಾಯ್ತು. ನಾಣ್ಯದ ಮೇಲೆ ಅಧ್ಯಕ್ಷರ ತಲೆ ಇರ್ಬೇಕು ಅಂತ ಸೆನೆಟ್ ಹೇಳ್ತು, ಅಂದ್ರೆ ಆಗ ವಾಷಿಂಗ್ಟನ್ನರ ಮುಖ. ಕೆಳಮನೆಯವರು ಒಪ್ಪಲಿಲ್ಲ, ರಾಜರ ತಲೆ ಹಾಕೋ ಪದ್ಧತಿನ ಬಿಟ್ಟು ಬಂದವರು ನಾವು, ಮತ್ತೆ ಅದೇ ಯಾಕೆ ಅಂದ್ರು. ಕೊನೆಗೆ ಕಾನೂನಲ್ಲಿ ಉಳಿದಿದ್ದು ಇಷ್ಟೇ: ಒಂದು ಬದಿಲಿ ಸ್ವಾತಂತ್ರ್ಯದ ಸಂಕೇತ, ಲಿಬರ್ಟಿ ಅನ್ನೋ ಬರಹ, ಇಸವಿ, ತಾಮ್ರದ ನಾಣ್ಯದ ಹಿಂಬದಿಲಿ ಅದರ ಬೆಲೆ. ಸ್ವಾತಂತ್ರ್ಯದ ಸಂಕೇತ ಅಂದ್ರೆ ಹೆಂಗಸೋ ಗಂಡಸೋ, ಟೋಪಿ ಇರ್ಬೇಕೋ ಬೇಡ್ವೋ, ಹಿಂಬದಿಲಿ ಬೆಲೆ ಸುತ್ತ ಏನು ಇರ್ಬೇಕು, ಇದ್ಯಾವುದನ್ನೂ ಕಾನೂನು ಹೇಳಲಿಲ್ಲ. ಅದೆಲ್ಲ ಕೆಲಸಗಾರನ ಕೈಗೆ ಬಿಟ್ಟಿದ್ದು. ಮುಂದೆ ಆಗಿದ್ದಕ್ಕೆಲ್ಲ ಇದೇ ಬೇರು.

ಇನ್ನೊಂದು ವಿಷಯ ಗೊತ್ತಿರ್ಬೇಕು. 1793ರಲ್ಲಿ ಆ ಟಂಕಸಾಲೆಲಿ ಚಿನ್ನ ಬೆಳ್ಳಿ ನಾಣ್ಯ ಒಂದೂ ಆಗಲಿಲ್ಲ, ಬರೀ ತಾಮ್ರ. ಯಾಕಂದ್ರೆ ಮುಖ್ಯ ನಾಣ್ಯಗಾರ ಮತ್ತೆ ಲೋಹ ಪರೀಕ್ಷಕ ಇಬ್ಬರೂ ಚಿನ್ನ ಬೆಳ್ಳಿ ಮುಟ್ಟೋಕೆ ಮುಂಚೆ ತಲಾ 10,000 ಡಾಲರ್ ಜಾಮೀನು ಬಾಂಡ್ ಕೊಡ್ಬೇಕು ಅಂತ ಕಾನೂನಿತ್ತು, ಆ ಕಾಲಕ್ಕೆ ಅದು ಅವರ ಸಂಬಳದ ಎಷ್ಟೋ ಪಟ್ಟು, ಕೊಡೋಕೆ ಆಗಲಿಲ್ಲ. 1794ರ ಮಾರ್ಚಲ್ಲಿ ಸಂಸತ್ತು ಆ ಮೊತ್ತ ಇಳಿಸಿದ ಮೇಲೇನೇ ಬೆಳ್ಳಿ ಕೆಲಸ ಶುರುವಾಗಿದ್ದು. ಹಾಗಾಗಿ 1793ರಲ್ಲಿ ಆ ಕಟ್ಟಡದಲ್ಲಿ ಇದ್ದ ಎಲ್ಲಾ ಕೌಶಲ, ಎಲ್ಲಾ ಪ್ರಯೋಗ, ಎಲ್ಲಾ ತಪ್ಪು ಸೆಂಟು ಅರ್ಧ ಸೆಂಟಿನ ಮೇಲೇ ಬಿತ್ತು. ಒಂದು ದೇಶದ ಟಂಕಸಾಲೆ ಕೆಲಸ ಕಲಿತಿರೋದನ್ನ ಕಣ್ಣಾರೆ ನೋಡೋ ಅವಕಾಶ ಇದು, ನಂಗೆ ಈ ವರ್ಷ ಇಷ್ಟ ಆಗೋದೂ ಅದಕ್ಕೇ.

ಟಂಕಸಾಲೆ ಮುಖ್ಯಸ್ಥ ಡೇವಿಡ್ ರಿಟನ್‌ಹೌಸ್, ದೊಡ್ಡ ಖಗೋಳ ವಿಜ್ಞಾನಿ. ಮುಖ್ಯ ನಾಣ್ಯಗಾರ ಹೆನ್ರಿ ವಾಯ್ಟ್, ಗಡಿಯಾರ ಮಾಡೋನು. ಯೌವನದಲ್ಲಿ ಜರ್ಮನಿಯ ಸ್ಯಾಕ್ಸ್-ಗೋಥಾ ಟಂಕಸಾಲೆಲಿ ಕೆಲಸ ಮಾಡಿದ್ದ, ಆಮೇಲೆ ಜಾನ್ ಫಿಚ್ ಜೊತೆ ಸೇರಿ ಉಗಿ ದೋಣಿ ಕಟ್ಟಿದ್ದ. ಅಂದ್ರೆ ಯಂತ್ರದ ತಲೆ, ಕಲಾವಿದನ ಕೈ ಅಲ್ಲ. 1792ರ ಕೊನೇಲಿ ಸೆಂಟು ತುಂಬಾ ಭಾರ ಆಗತ್ತೆ ಅಂತ ಚಿಕ್ಕ ತಾಮ್ರದ ಬಿಲ್ಲೆ ಮಧ್ಯ ಒಂದು ಬೆಳ್ಳಿ ತುಂಡು ಸಿಕ್ಕಿಸಿ ಮಾದರಿ ಮಾಡಿದ್ದೂ ಇವನದೇ ಉಪಾಯ, ಆಗಿನ ವಿದೇಶಾಂಗ ಸಚಿವ ಜೆಫರ್ಸನ್ ಡಿಸೆಂಬರ್ 18ರ ಪತ್ರದಲ್ಲಿ ಅದನ್ನ ವಾಷಿಂಗ್ಟನ್ನರಿಗೆ ಬರೆದಿದಾನೆ. ಆ ಮಾದರಿ ಮುಂದಕ್ಕೆ ಹೋಗಲಿಲ್ಲ, ಬದಲಿಗೆ 1793ರ ಜನವರಿ 14ರ ಕಾನೂನು ಸೆಂಟಿನ ತೂಕನೇ 264 ಗ್ರೇನಿಂದ 208ಕ್ಕೆ ಇಳಿಸ್ತು, ಅಂದ್ರೆ ಸುಮಾರು 13.48 ಗ್ರಾಂ. ಈ ಅಂಕಿ ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗತ್ತೆ.

ಆಗ ಖಾಯಂ ಕೆತ್ತನೆಗಾರ ಅಂತ ಯಾರೂ ಇರಲಿಲ್ಲ. ಚೈನ್ ಸೆಂಟ್ ಬಂದಿದ್ದು ಈ ಪರಿಸ್ಥಿತಿಲಿ. ಮಾರ್ಚ್ 1ರಿಂದ 12ರ ಒಳಗೆ 36,103 ನಾಣ್ಯ. ಎದುರಿಗೆ ಬಲಕ್ಕೆ ನೋಡೋ ಹೆಣ್ಣಿನ ತಲೆ, ಕೂದಲು ಗಾಳಿಗೆ ಕೆದರಿದ ಹಾಗೆ, ಕಣ್ಣು ಸ್ವಲ್ಪ ಜಾಸ್ತಿನೇ ಅಗಲ. ಹಿಂದೆ 15 ಕೊಂಡಿಯ ಸರಪಳಿ ಸುತ್ತಲೂ, ಮಧ್ಯೆ ಒಂದು ಸೆಂಟ್ ಅನ್ನೋ ಬರಹ ಮತ್ತೆ 1/100 ಅನ್ನೋ ಭಿನ್ನರಾಶಿ. 15 ಯಾಕಂದ್ರೆ ಮೂಲ 13 ರಾಜ್ಯ, ಜೊತೆಗೆ 1791ರಲ್ಲಿ ವರ್ಮಾಂಟ್, 1792ರಲ್ಲಿ ಕೆಂಟಕಿ. ಮಾಡಿದವನ ಮನಸ್ಸಲ್ಲಿ ಇದ್ದಿದ್ದು ಒಗ್ಗಟ್ಟು, ಅದರಲ್ಲಿ ಅನುಮಾನ ಇಲ್ಲ. 1776ರ ಕಾಂಟಿನೆಂಟಲ್ ನೋಟುಗಳ ಮೇಲೆ, ಆಮೇಲೆ 1787ರ ಫ್ಯುಜಿಯೋ ಸೆಂಟಿನ ಮೇಲೆ 13 ಬಳೆ ಒಂದಕ್ಕೊಂದು ಕೊಂಡಿ ಹಾಕ್ಕೊಂಡಿದ್ವು, ಆ ಕಲ್ಪನೆ ಬೆಂಜಮಿನ್ ಫ್ರಾಂಕ್ಲಿನ್‌ದು ಅಂತ ಹೇಳ್ತಾರೆ. ಜನಕ್ಕೆ ಪರಿಚಯ ಇದ್ದ ಚಿತ್ರನೇ ಅದು. ಆದ್ರೆ ಫ್ಯುಜಿಯೋದಲ್ಲಿ ತೆಳ್ಳಗಿನ ದುಂಡು ಬಳೆಗಳಿದ್ದ ಜಾಗದಲ್ಲಿ ಇಲ್ಲಿ ಬಂದಿದ್ದು ದಪ್ಪ ದಪ್ಪ ಉದ್ದ ಕೊಂಡಿ, ನೋಡಿದ ತಕ್ಷಣ ಕೈಕೋಳ ಬೇಡಿ ನೆನಪಾಗೋ ಥರದ್ದು. ಅದೇ ಕಾಲದಲ್ಲಿ ಇಂಗ್ಲೆಂಡಲ್ಲಿ ಜೋಸಯ್ಯ ವೆಜ್‌ವುಡ್ 1787ರಲ್ಲಿ ಮಾಡಿಸಿದ ಗುಲಾಮಗಿರಿ ವಿರೋಧಿ ಪದಕದಲ್ಲಿ ಮಂಡಿಯೂರಿದ ಕಪ್ಪು ಮನುಷ್ಯನ ಕೈಗೆ ಸರಪಳಿ ಇತ್ತು, ಆ ಪದಕದ ಕಂತೆ ಫಿಲಡೆಲ್ಫಿಯಾಕ್ಕೆ ಫ್ರಾಂಕ್ಲಿನ್ ಹತ್ರನೂ ಬಂದಿತ್ತು. ಲಕ್ಷಾಂತರ ಜನ ನಿಜವಾಗಿ ಬೇಡಿಯಲ್ಲಿದ್ದ ದೇಶ ಅದು, ಆ ಊರಲ್ಲಿ ಸರಪಳಿನ ಒಗ್ಗಟ್ಟು ಅಂತ ಓದೋಕೆ ಜನ ತಯಾರಿರಲಿಲ್ಲ. ಹಿಂಬದಿಲಿ ಇರೋ ಸರಪಳಿ ಸ್ವಾತಂತ್ರ್ಯಕ್ಕೆ ಅಪಶಕುನ, ಲಿಬರ್ಟಿನೇ ಹೆದರಿಕೊಂಡ ಹಾಗೆ ಕಾಣ್ತಾಳೆ ಅಂತ ಆ ಮಾರ್ಚ್ ತಿಂಗಳಲ್ಲೇ ಪತ್ರಿಕೇಲಿ ಬಂತು.

ಸಂಗ್ರಹಕಾರರು ಚೈನ್ ಸೆಂಟಲ್ಲಿ ಮೊದಲು ನೋಡೋದು ಹಿಂಬದಿಯ ಬರಹ. ಮೊಟ್ಟಮೊದಲ ಅಚ್ಚಲ್ಲಿ (ನಾಣ್ಯ ಒತ್ತೋಕೆ ಕೆತ್ತಿದ ಉಕ್ಕಿನ ತುಂಡು) ದೇಶದ ಹೆಸರು ಪೂರ್ತಿ ಇಲ್ಲ, ಅಮೆರಿ ಅಂತ ಬರೆದು ಒಂದು ಚುಕ್ಕಿ ಇಟ್ಟು ನಿಲ್ಲಿಸಿದಾನೆ. ಜಾಗ ಸಾಲಲ್ಲ ಅಂತ ಲೆಕ್ಕ ಹಾಕಿರ್ಬೇಕು. ಮುಂದಿನ ಅಚ್ಚಲ್ಲಿ ಪೂರ್ತಿ ಅಮೆರಿಕ ಆರಾಮಾಗಿ ಹಿಡಿಸಿದೆ. ಅಕ್ಷರಗಳನ್ನ ಒಂದೊಂದಾಗಿ ಉಕ್ಕಿನ ಪಂಚ್‌ನಿಂದ ಅಚ್ಚಿಗೆ ಹೊಡೀಬೇಕಿತ್ತು, ಅದೂ ತಿರುವುಮುರುವಾಗಿ, ದುಂಡಗೆ ಸಾಲಾಗಿ, ಅಂತರ ತಪ್ಪದ ಹಾಗೆ. ಒಂದು ಅಚ್ಚಲ್ಲಿ ಲಿಬರ್ಟಿಯ ಆರ್ ಅಕ್ಷರ ವಾಲಿದೆ, ಇನ್ನೊಂದರಲ್ಲಿ ಲಿಬರ್ಟಿ ಆದ್ಮೇಲೂ ಇಸವಿ ಆದ್ಮೇಲೂ ಒಂದೊಂದು ಚುಕ್ಕಿ ಇದೆ. ಪ್ರತೀ ಅಚ್ಚೂ ಕೈಯಲ್ಲಿ ಆಗಿದ್ದರಿಂದ ಪ್ರತೀ ಅಚ್ಚಿಗೂ ಅದರದ್ದೇ ಗುರುತು. ವಿಲಿಯಂ ಶೆಲ್ಡನ್ ಅನ್ನೋ ಸಂಗ್ರಹಕಾರ 1949ರಲ್ಲಿ ಈ ಅಚ್ಚುಜೋಡಿಗಳಿಗೆಲ್ಲ ನಂಬರ್ ಕೊಟ್ಟ, ಇವತ್ತಿಗೂ ಸಂಗ್ರಹಕಾರರು ಎಸ್-1, ಎಸ್-2 ಅಂತಾನೇ ಮಾತಾಡೋದು. ಅಮೆರಿ ಅಂತ ಇರೋದು ಎಸ್-1, ವಾಲಿದ ಆರ್ ಎಸ್-3, ಚುಕ್ಕಿಗಳಿರೋದು ಎಸ್-4. ವ್ರೆತ್ ಎಸ್-5ರಿಂದ 11, ಲಿಬರ್ಟಿ ಕ್ಯಾಪ್ 12ರಿಂದ 16. ಶೆಲ್ಡನ್‌ಗಿಂತ ಮುಂಚೆ 1897ರಲ್ಲಿ ಸಿಲ್ವೆಸ್ಟರ್ ಕ್ರಾಸ್ಬಿ ಇದೇ ವರ್ಷದ ಸೆಂಟುಗಳನ್ನ ಅಚ್ಚು ಅಚ್ಚಾಗಿ ಅಧ್ಯಯನ ಮಾಡಿದ್ದ, ಆ ಕೆಲಸ ಇಲ್ಲದೇ ಇದ್ದಿದ್ರೆ ಕೆತ್ತಿದವರ ಬಗ್ಗೆ ನಾವು ಚರ್ಚೆ ಮಾಡೋಕೂ ಆಗ್ತಿರಲಿಲ್ಲ.

ಈಗ ಕೇಸಿನ ನಡುಭಾಗಕ್ಕೆ ಬರೋಣ. ಪೇಪರಲ್ಲಿ ಬೈದಿದ್ದಕ್ಕೆ ವಿನ್ಯಾಸ ಬದಲಾಯ್ತು ಅಂದ್ರೆ ವ್ರೆತ್ ಸೆಂಟಲ್ಲಿ ಎರಡು ಬದಲಾವಣೆ ನಿರೀಕ್ಷೆ ಮಾಡ್ಬೇಕು: ಸರಪಳಿ ಹೋಗ್ಬೇಕು, ಹೆದರಿದ ಲಿಬರ್ಟಿಗೆ ಸಮಾಧಾನ ಆಗ್ಬೇಕು. ಸರಪಳಿ ಹೋಯ್ತು ನಿಜ, ಅದರ ಜಾಗಕ್ಕೆ ಎಲೆ ಮತ್ತೆ ಸಣ್ಣ ಸಣ್ಣ ಹಣ್ಣುಗೊಂಚಲಿನ ಹಾರ ಬಂತು. ಆದ್ರೆ ಲಿಬರ್ಟಿ ಕೂದಲು? ಇನ್ನೂ ಜಾಸ್ತಿ ಕೆದರಿದೆ! ಜಡೆ ಬಿಚ್ಚಿ ಓಡ್ತಿರೋ ಹಾಗಿದೆ. ಟೀಕೆಗೆ ಉತ್ತರ ಕೊಡೋದೇ ಉದ್ದೇಶ ಆಗಿದ್ರೆ ಹೀಗೆ ಮಾಡ್ತಿರಲಿಲ್ಲ. ಎದುರು ಬದಿಲಿ ನಿಜವಾಗಿ ಬದಲಾಗಿದ್ದು ಬೇರೆ ಎರಡು ವಿಷಯ, ಇವೆರಡೂ ಟೀಕಾಕಾರರ ಕಣ್ಣಿಗೆ ಬೀಳೋ ಅಂಥವಲ್ಲ, ಕೆಲಸಗಾರನ ಕಣ್ಣಿಗೆ ಮಾತ್ರ ಬೀಳೋ ಅಂಥವು. ಒಂದು, ತಲೆಯ ಉಬ್ಬು ಜಾಸ್ತಿ ಆಗಿದೆ. ಎರಡು, ಅಂಚಿನ ಸುತ್ತ ಮಣಿಸಾಲು ಬಂದಿದೆ. ಚೈನ್ ಸೆಂಟಲ್ಲಿ ತಲೆ ಚಪ್ಪಟೆ, ಅಂಚಲ್ಲಿ ಏರು ಇಲ್ಲ, ಹಾಗಾಗಿ ಮೇಜಿನ ಮೇಲೆ ಉಜ್ಜಿದ್ರೆ ಜೇಬಲ್ಲಿ ಉಜ್ಜಿದ್ರೆ ಮೊದಲು ಸವೆಯೋದು ಲಿಬರ್ಟಿ ಮುಖನೇ. ಇವತ್ತು ಕಡಿಮೆ ಗ್ರೇಡಿನ ಚೈನ್ ಸೆಂಟ್ ನೋಡಿ, ಎಷ್ಟೋ ಕಡೆ ಹಿಂಬದಿಯ ಸರಪಳಿ ಗಟ್ಟಿಯಾಗಿ ನಿಂತಿದೆ, ಎದುರುಗಡೆ ತಲೆ ಬರೀ ನೆರಳಿನ ಥರ, ಇಸವಿ ಹುಡುಕ್ಬೇಕು. ಮಣಿಸಾಲು ಇದ್ರೆ ಸವೆತನ ಮೊದಲು ಅದು ತಗೊಳ್ಳತ್ತೆ. ಅಂದ್ರೆ ಟಂಕಸಾಲೆ ಒಳಗಿನವರೇ ತಮ್ಮ ನಾಣ್ಯದ ದೋಷ ಗುರುತಿಸಿ ಸರಿಮಾಡಿದಾರೆ, ಪೇಪರಿನವರು ಹೇಳದೇ ಇದ್ರೂ ಎದುರು ಬದಿ ಬದಲಾಗ್ತಿತ್ತು ಅನ್ನೋದು ನನ್ನ ಅಭಿಪ್ರಾಯ. ಚೈನ್ ನಿಂತಿದ್ದು ಮಾರ್ಚ್ 12ಕ್ಕೆ, ವ್ರೆತ್ ಬಂದಿದ್ದು ಏಪ್ರಿಲ್ 9ಕ್ಕೆ. ಒಂದು ತಿಂಗಳೂ ಇಲ್ಲ. ಉಕ್ಕು ಮೆದು ಮಾಡಿ, ಕೆತ್ತಿ, ಅಕ್ಷರ ಹೊಡೆದು, ಮತ್ತೆ ಕಾಯಿಸಿ ಗಟ್ಟಿ ಮಾಡಿ, ಆ ಹೊತ್ತಲ್ಲಿ ಸೀಳದೇ ಉಳಿದ್ರೆ ಪ್ರೆಸ್ಸಿಗೆ ಹಾಕಿ, ಇಷ್ಟೆಲ್ಲಾ ಇಷ್ಟು ಬೇಗ ಆಗಿದೆ ಅಂದ್ರೆ ಅವರ ಶ್ರಮಕ್ಕೆ ಕೈ ಮುಗೀಬೇಕು.

ವ್ರೆತ್ ಸೆಂಟು ಒಟ್ಟು 63,353. ಇದರಲ್ಲಿ ಒಂದು ವಿಚಿತ್ರ ಇದೆ. ಸಾಮಾನ್ಯವಾಗಿ ಕತ್ತಿನ ಕೆಳಗೆ ಇಸವಿ ಮೇಲೆ ಒಂದು ಸಣ್ಣ ಎಲೆಕೊಂಬೆ ಇರತ್ತೆ, ಆದ್ರೆ ಒಂದು ಅಚ್ಚಲ್ಲಿ ಮಾತ್ರ ಆ ಎಲೆ ಪೂರ್ತಿ ಬೇರೆ ಥರ, ಮೂರು ದಳದ್ದು. ಸ್ಟ್ರಾಬೆರಿ ಲೀಫ್ ಅಂತ ಹೆಸರು ಬಿದ್ದಿದೆ, ಹತ್ತಿ ಎಲೆ ಅನ್ನೋರೂ ಇದಾರೆ. ಇಡೀ ಪ್ರಪಂಚದಲ್ಲಿ ಗೊತ್ತಿರೋದು ನಾಲ್ಕೇ ನಾಲ್ಕು, ನಾಲ್ಕೂ ಸವೆದವೇ. ಒಂದು ಕೈ ಕೆಲಸ ಮಾಡ್ತಿದ್ದ ಜಾಗದಲ್ಲಿ ಇನ್ನೊಂದು ಕೈ ಬಂದು ಹೋಯ್ತಾ ಅನ್ನೋ ಪ್ರಶ್ನೆನ ಈ ಎಲೆ ಬಿಟ್ಟು ಹೋಗಿದೆ.

ವ್ರೆತ್ ಯಾರದ್ದು? ಮುಕ್ಕಾಲು ಪಾಲು ಪುಸ್ತಕ ಆಡಮ್ ಎಕ್‌ಫೆಲ್ಟ್ ಅನ್ನತ್ತೆ. ಎಕ್‌ಫೆಲ್ಟ್ ಕಬ್ಬಿಣದ ಕೆಲಸದ ಮನೆಯವನು, 1792ರಿಂದಾನೇ ಟಂಕಸಾಲೆಗೆ ಗುತ್ತಿಗೆ ಮೇಲೆ ಕೆಲಸ ಮಾಡಿಕೊಡ್ತಿದ್ದ, ಮುಂದೆ ವಾಯ್ಟ್ ತೀರಿಕೊಂಡ ಮೇಲೆ 1814ರಲ್ಲಿ ಮುಖ್ಯ ನಾಣ್ಯಗಾರ ಆಗಿ 1839ರ ತನಕ ಇದ್ದ. ಸಂಗ್ರಹಕಾರರು ಇವನನ್ನ ಇನ್ನೊಂದು ಕಾರಣಕ್ಕೆ ನೆನೀಬೇಕು, ಒಳ್ಳೊಳ್ಳೆ ನಾಣ್ಯಗಳನ್ನ ಕರಗೋಕೆ ಬಿಡದೆ ಎತ್ತಿಟ್ಟ. ಆ ಗಂಟೇ 1838ರಲ್ಲಿ ಟಂಕಸಾಲೆಯ ಅಧಿಕೃತ ಸಂಗ್ರಹ ಆಯ್ತು, ಈಗ ಸ್ಮಿತ್‌ಸೋನಿಯನ್‌ನಲ್ಲಿದೆ. ಅವನ ಮೇಲೆ ಗೌರವ ಬೇಕಾದಷ್ಟಿದೆ, ಆದ್ರೆ ಗೌರವ ಸಾಕ್ಷಿ ಆಗಲ್ಲ. ವ್ರೆತ್ ಅಚ್ಚು ಅವನೇ ಕೆತ್ತಿದ ಅನ್ನೋದಕ್ಕೆ ಆ ವರ್ಷದ ನೇರ ದಾಖಲೆ ಇಲ್ಲ. ಚೈನ್ ಮತ್ತೆ ವ್ರೆತ್ ಎರಡೂ ವಾಯ್ಟ್ ಕೈದೇ ಅನ್ನೋ ಸಂಶೋಧಕರಿದಾರೆ, ಎರಡು ತಲೆನೂ ಪಕ್ಕ ಪಕ್ಕ ಇಟ್ಟು ನೋಡಿದ್ರೆ ಅವರ ವಾದ ಹಗುರ ಅಲ್ಲ: ಅದೇ ಕೆದರಿದ ಕೂದಲ ಕಲ್ಪನೆ, ಅದೇ ಬಲಕ್ಕೆ ತಿರುಗಿದ ಮುಖ, ಕೈ ಮಾತ್ರ ಪಳಗಿದೆ. ಮೊದಲನೇದನ್ನ ಮಾಡಿದವನೇ ಎರಡನೇ ಸಲ ಚೆನ್ನಾಗಿ ಮಾಡಿದ ಅನ್ನೋ ಹಾಗೆ.

ಮೂರನೇದಕ್ಕೆ ಬಂದ್ರೆ ಕಥೆನೇ ಬೇರೆ, ಇಲ್ಲಿ ಒಬ್ಬ ನಿಜವಾದ ಕಲಾವಿದ ಬರ್ತಾನೆ. ಜೋಸೆಫ್ ರೈಟ್, 1756ರಲ್ಲಿ ನ್ಯೂಜೆರ್ಸಿಯ ಬಾರ್ಡನ್‌ಟೌನಲ್ಲಿ ಹುಟ್ಟಿದವನು. ಅಮ್ಮ ಪೇಷನ್ಸ್ ರೈಟ್ ಮೇಣದ ಪ್ರತಿಮೆ ಮಾಡೋದರಲ್ಲಿ ಹೆಸರು ಮಾಡಿ ಲಂಡನ್ನಿಗೆ ಹೋಗಿದ್ದಳು, ಮಗ ಅಲ್ಲಿ ರಾಯಲ್ ಅಕಾಡೆಮಿಲಿ ಕಲಿತ, ಫ್ರಾಂಕ್ಲಿನ್ನರ ಚಿತ್ರ ಬರೆದ, 1783ರಲ್ಲಿ ವಾಪಸ್ ಬಂದು ವಾಷಿಂಗ್ಟನ್ನರದ್ದೂ ಬರೆದ. ಮೆದು ಮೇಣದಲ್ಲಿ ಮುಖ ತಿದ್ದೋದನ್ನ ಅಮ್ಮನ ಪಕ್ಕ ಕೂತು ನೋಡಿ ಬೆಳೆದವನು ಉಕ್ಕಿಗೆ ಕೈ ಹಾಕಿದ್ರೆ ಏನಾಗತ್ತೆ ಅನ್ನೋದು ಲಿಬರ್ಟಿ ಕ್ಯಾಪ್ ನೋಡಿದ್ರೆ ಗೊತ್ತಾಗತ್ತೆ. ಸುಮಾರು 29 ಮಿಲಿಮೀಟರ್ ಅಗಲದ ಬಿಲ್ಲೆ, ಹಿಂದಿನ ಎರಡಕ್ಕಿಂತ ಅಗಲ. ಕೂದಲು ಈಗ ಅಲೆ ಅಲೆಯಾಗಿ ಹಿಂದಕ್ಕೆ ಇಳಿದಿದೆ, ಮುಖ ಶಾಂತ, ಭುಜದ ಹಿಂದೆ ಒಂದು ಕೋಲು, ಕೋಲಿನ ತುದಿಗೆ ಟೋಪಿ. ತಲೆ ಮತ್ತೆ ಖಾಲಿ ಜಾಗದ ನಡುವಿನ ಅಳತೆ ಎಷ್ಟು ಸರಿಯಾಗಿದೆ ಅಂದ್ರೆ ಅದಾದ ಮೇಲೆ ದಶಕಗಳ ಕಾಲ ಬಂದ ಯಾವ ಸೆಂಟೂ ಇದನ್ನ ಮುಟ್ಟಲಿಲ್ಲ ಅಂತ ನಾನು ಧೈರ್ಯವಾಗಿ ಹೇಳ್ತೀನಿ.

ಇದರ ಮೂಲ ಪ್ಯಾರಿಸಲ್ಲಿದೆ. ಫ್ರಾಂಕ್ಲಿನ್ ಮಾಡಿಸಿದ, ಅಗಸ್ಟಿನ್ ಡ್ಯೂಪ್ರೆ ಕೆತ್ತಿದ ಲಿಬರ್ಟಾಸ್ ಅಮೆರಿಕಾನಾ ಅನ್ನೋ ಪದಕದಲ್ಲಿ ಇದೇ ಲಿಬರ್ಟಿ, ಇದೇ ಕೋಲು ಟೋಪಿ, ಎಡಕ್ಕೆ ತಿರುಗಿದಾಳೆ. ರೈಟ್ ಅವಳನ್ನ ಬಲಕ್ಕೆ ತಿರುಗಿಸಿ ಹಾರೋ ಕೂದಲನ್ನ ತಗ್ಗಿಸಿದ. ಜುಲೈಯಲ್ಲಿ ಬಂದಿದ್ದ 1793ರ ಅರ್ಧ ಸೆಂಟಲ್ಲೂ ಇದೇ ಕೋಲು ಟೋಪಿ ಇದೆ, ಅಲ್ಲಿ ಮುಖ ಪದಕದ ಹಾಗೆ ಎಡಕ್ಕೆ. ಈ ಟೋಪಿ ರೋಮನ್ನರ ಕಾಲದ್ದು, ಗುಲಾಮನಿಗೆ ಬಿಡುಗಡೆ ಕೊಟ್ಟಾಗ ಅವನು ಹಾಕ್ಕೊಳ್ತಿದ್ದಿದ್ದು. ಮಾರ್ಚಲ್ಲಿ ಸರಪಳಿ, ಸೆಪ್ಟೆಂಬರಲ್ಲಿ ಬಿಡುಗಡೆಯಾದ ಗುಲಾಮನ ಟೋಪಿ, ಒಂದೇ ಬೆಲೆಯ ನಾಣ್ಯದ ಮೇಲೆ ಸುಮಾರು ಆರು ತಿಂಗಳ ಅಂತರದಲ್ಲಿ. ಯಾರೋ ಕೂತು ಪ್ಲಾನ್ ಮಾಡಿದ್ದಲ್ಲ ಇದು, ಆದ್ರೆ ಆ ದೇಶದ ಮೊದಲ ವರ್ಷಗಳ ಗೊಂದಲನ ಇಷ್ಟು ಸ್ಪಷ್ಟವಾಗಿ ಹೇಳೋ ವಸ್ತು ನಂಗೆ ಬೇರೆ ಗೊತ್ತಿಲ್ಲ.

ಅಷ್ಟರಲ್ಲಿ ಊರಿಗೆ ಹಳದಿ ಜ್ವರ ಬಂತು. 1793ರ ಆಗಸ್ಟಿಂದ ನವೆಂಬರ್ ತನಕ, ಸುಮಾರು 50,000 ಜನ ಇದ್ದ ಫಿಲಡೆಲ್ಫಿಯಾದಲ್ಲಿ ಹತ್ತತ್ರ 5,000 ಜನ ಸತ್ರು. ಸೊಳ್ಳೆಯಿಂದ ಹರಡೋದು ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಆಗ ದೇಶದ ರಾಜಧಾನಿ ಅದೇ ಆಗಿತ್ತು, ಸರ್ಕಾರನೇ ಊರು ಬಿಡ್ತು, ಟಂಕಸಾಲೆ ಬಾಗಿಲು ಹಾಕ್ತು. ರೈಟ್ ಮತ್ತೆ ಅವನ ಹೆಂಡತಿ ಇಬ್ಬರೂ ಜ್ವರಕ್ಕೆ ತೀರಿಕೊಂಡ್ರು, ಅವನಿಗೆ ಬರೀ 37. ಪಂಚ್ ಕೆತ್ತುತ್ತಿದ್ದ ಜೇಕಬ್ ಬೇ ಕೂಡ ಅದೇ ಜ್ವರಕ್ಕೆ ಬಲಿಯಾದ. ರೈಟ್ ಬಿಟ್ಟು ಹೋದ ಬಾಕಿ ಲೆಕ್ಕದ ಚೀಟಿಲಿ ರಿಟನ್‌ಹೌಸ್ ಹೇಳಿದ ಮೇಲೆ ಕಾಲು ಡಾಲರ್ ನಾಣ್ಯಕ್ಕೆ ಕೆತ್ತಿದ ಒಂದು ಮಾದರಿ ಅಚ್ಚಿದೆ, ಗಟ್ಟಿ ಮಾಡೋವಾಗ ಒಡೆದು ಹೋಯ್ತು ಅಂತ ಬರೆದಿದೆ. ಅವನ ಲಿಬರ್ಟಿ ಕ್ಯಾಪ್ ಸೆಂಟು ಆ ವರ್ಷ ಬಂದಿದ್ದು 11,056 ಮಾತ್ರ, ಮೂರರಲ್ಲಿ ಅತೀ ಕಡಿಮೆ. ನವೆಂಬರ್ 23ಕ್ಕೆ ರಾಬರ್ಟ್ ಸ್ಕಾಟ್ ಕೆತ್ತನೆಗಾರ ಆಗಿ ನೇಮಕ ಆದ, ರೈಟ್‌ನ ತಲೆನೇ ಮುಂದುವರಿಸಿದ. 1794ರ ಮೊದಲ ಕೆಲವು ಅಚ್ಚುಗಳನ್ನ ಇವತ್ತೂ 1793ರ ತಲೆ ಅಂತಾನೇ ಕರೀತಾರೆ. ವರ್ಷ ಕಳೆದ ಹಾಗೆ ಆ ತಲೆ ಸಣ್ಣದಾಗ್ತಾ ಒಣಗ್ತಾ ಹೋಗಿ 1796ರಲ್ಲಿ ಪೂರ್ತಿ ಬೇರೆ ವಿನ್ಯಾಸಕ್ಕೆ ಜಾಗ ಬಿಡ್ತು.

ಸಂಗ್ರಹದ ಕಡೆಗೆ ಬರೋಣ, ಯಾಕಂದ್ರೆ ಈ ವಿನ್ಯಾಸಗಾರರನ್ನ ಬದುಕಿಸಿಟ್ಟಿದ್ದು ಸಂಗ್ರಹಕಾರರೇ. 1857ರಲ್ಲಿ ಈ ಅಗಲದ ತಾಮ್ರದ ಸೆಂಟು, ಅಂದ್ರೆ ದೊಡ್ಡ ಸೆಂಟು, ನಿಂತುಹೋದಾಗ ಹಳೇದನ್ನ ಎತ್ತಿಡೋ ಹುಚ್ಚು ಶುರುವಾಯ್ತು, 1967ರಲ್ಲಿ ಇದಕ್ಕೇ ಅಂತ ಅರ್ಲಿ ಅಮೆರಿಕನ್ ಕಾಪರ್ಸ್ ಅನ್ನೋ ಕ್ಲಬ್ ಆಯ್ತು. 1ರಿಂದ 70ರ ಗ್ರೇಡಿಂಗ್ ಇವತ್ತು ಎಲ್ಲಾ ದೇಶದ ಕಾಯಿನ್‌ಗೂ ಬಳಸ್ತಾರಲ್ಲ, ನಮ್ಮ ಬೆಂಗಳೂರಿನ ಡೀಲರುಗಳೂ ಸ್ಲ್ಯಾಬ್ (ಗ್ರೇಡ್ ಬರೆದು ಸೀಲ್ ಮಾಡಿದ ಪ್ಲಾಸ್ಟಿಕ್ ಡಬ್ಬಿ) ತೋರಿಸಿ ಹೇಳ್ತಾರಲ್ಲ, ಅದು ಹುಟ್ಟಿದ್ದು ಈ ದೊಡ್ಡ ಸೆಂಟುಗಳಿಗೆ ಬೆಲೆ ಕಟ್ಟೋಕೆ ಶೆಲ್ಡನ್ ಮಾಡಿದ ಲೆಕ್ಕದಿಂದ. ಅದೇ ಶೆಲ್ಡನ್ ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಲಿದ್ದ ಜಾರ್ಜ್ ಕ್ಲ್ಯಾಪ್ ಸಂಗ್ರಹದಿಂದ ಒಳ್ಳೇ ಸೆಂಟು ತೆಗೆದು ಅದೇ ಅಚ್ಚಿನ ಕಳಪೆ ಸೆಂಟು ಇಟ್ಟಿದ್ದ ಅನ್ನೋದು ಅವನು ಸತ್ತ ಮೇಲೆ ಹೊರಗೆ ಬಂತು, ಹಳೇ ಫೋಟೋಗಳ ಜೊತೆ ಒಂದೊಂದು ಗೀರು ಹೋಲಿಸಿ ನೋಡಿದಾಗ. ನೂರಕ್ಕೂ ಜಾಸ್ತಿ ನಾಣ್ಯ. ನೆನೆಸಿಕೊಂಡ್ರೆ ಹೊಟ್ಟೆ ಉರಿಯತ್ತೆ. ಹಾಗಾಗಿ ಈ ಕ್ಷೇತ್ರದಲ್ಲಿ ಒಂದು ನಾಣ್ಯ ಯಾರ ಕೈಯಿಂದ ಯಾರ ಕೈಗೆ ಬಂತು ಅನ್ನೋ ದಾಖಲೆಗೆ ನಾಣ್ಯದಷ್ಟೇ ಬೆಲೆ.

ಬೆಲೆ ಅಂದ್ರೆ, 2012ರ ಜನವರಿಲಿ ಒಂದು ಅದ್ಭುತ ಚೈನ್ ಸೆಂಟ್ 13.8 ಲಕ್ಷ ಡಾಲರಿಗೆ ಹೋಯ್ತು. ಸವೆದು ಹೋದ ಚೈನ್ ಕೂಡ ಸಾವಿರಗಟ್ಟಲೆ ಡಾಲರ್. ಮೂರರಲ್ಲಿ ಸ್ವಲ್ಪ ಸುಲಭಕ್ಕೆ ಸಿಗೋದು ವ್ರೆತ್, ಚೆನ್ನಾಗಿರೋ ಸ್ಥಿತಿಲಿ ಸಿಗೋದೇ ಕಷ್ಟ ಅನ್ನೋದು ಲಿಬರ್ಟಿ ಕ್ಯಾಪ್, ತಾಮ್ರ ಕಪ್ಪಾಗಿ ತೂತು ತೂತಾಗಿ ಇರೋದೇ ಹೆಚ್ಚು. ಬೆಲೆ ಇದ್ದಲ್ಲಿ ನಕಲಿನೂ ಇರತ್ತೆ. ಆಗಲೇ ಹೇಳಿದ 13.48 ಗ್ರಾಂ ಇಲ್ಲಿ ಕೆಲಸಕ್ಕೆ ಬರತ್ತೆ, ಸವೆತ ಲೆಕ್ಕ ಹಾಕಿದ್ರೂ ತೂಕ ತೀರಾ ಕಡಿಮೆ ಇದ್ರೆ ಅನುಮಾನ ಪಡಿ. ಅಂಚನ್ನ, ಅಂದ್ರೆ ನಾಣ್ಯದ ದಪ್ಪ ಕಾಣೋ ಪಕ್ಕನ, ನೋಡಲೇಬೇಕು: ಚೈನಿನ ಅಂಚಲ್ಲಿ ಬಳ್ಳಿ ಮತ್ತೆ ಪಟ್ಟಿಗಳು, ಲಿಬರ್ಟಿ ಕ್ಯಾಪಿನ ಅಂಚಲ್ಲಿ ಡಾಲರಿಗೆ ನೂರು ಅನ್ನೋ ಬರಹ, ವ್ರೆತ್‌ನಲ್ಲಿ ಎರಡು ಥರನೂ ಇವೆ. ಹತ್ತೊಂಬತ್ತನೇ ಶತಮಾನದ ಎಲೆಕ್ಟ್ರೋಟೈಪ್ ನಕಲಿಗಳಲ್ಲಿ ಎರಡು ತೆಳು ಚಿಪ್ಪು ಅಂಟಿಸಿರ್ತಾರೆ, ಅಂಚಲ್ಲಿ ಸೇರಿಸಿದ ಗೆರೆ ಕಾಣತ್ತೆ. ಬೇರೆ ವರ್ಷದ ಲಿಬರ್ಟಿ ಕ್ಯಾಪ್ ಸೆಂಟಿನ ಕೊನೇ ಅಂಕಿ ಕೆರೆದು 3 ಮಾಡೋದೂ ಹಳೇ ಮೋಸ, ಅದನ್ನ ಹಿಡಿಯೋಕೆ ಮಣಿಸಾಲು ಸಾಕು, 1794ರಿಂದ ಆ ಜಾಗದಲ್ಲಿ ಹಲ್ಲಿನ ಥರದ ಅಂಚು ಬಂದಿದೆ.

ಕೆತ್ತಿದವರ ಹೆಸರಿನ ವಿಷಯಕ್ಕೆ ನನ್ನ ತೀರ್ಮಾನ ಇಷ್ಟು. ಲಿಬರ್ಟಿ ಕ್ಯಾಪ್ ರೈಟ್‌ದು, ಶೈಲಿನೂ ಕಾಲನೂ ಎರಡೂ ಹೊಂದತ್ತೆ. ಚೈನ್ ವಾಯ್ಟ್‌ದು ಅನ್ನೋದನ್ನ ಒಪ್ಪಬಹುದು, ಆಗ ಆ ಕೆಲಸ ಮಾಡೋ ಸ್ಥಾನದಲ್ಲಿ ಇದ್ದವನು ಅವನೇ. ವ್ರೆತ್ ಪಕ್ಕ ಎಕ್‌ಫೆಲ್ಟ್ ಹೆಸರನ್ನ ಒಂದು ಪ್ರಶ್ನಾರ್ಥಕ ಚಿಹ್ನೆ ಇಲ್ಲದೆ ಬರೀಬಾರದು, ಬರೆಯೋದೇ ಆದ್ರೆ ವಾಯ್ಟ್ ಹೆಸರನ್ನೂ ಜೊತೆಗೆ ಬರೀಬೇಕು. ಹರಾಜಿನ ಕ್ಯಾಟಲಾಗ್ ಓದೋವಾಗ ಆ ಸಾಲು ಹೇಗೆ ಬರೆದಿದಾರೆ ನೋಡಿ, ಬರೆದವನು ಅಚ್ಚುಗಳನ್ನ ಪಕ್ಕ ಪಕ್ಕ ಇಟ್ಟು ನೋಡಿದಾನೋ ಇಲ್ಲಾ ಹಳೇ ಪುಸ್ತಕದಿಂದ ಎತ್ತಿ ಹಾಕಿದಾನೋ ಅಲ್ಲೇ ಗೊತ್ತಾಗತ್ತೆ.